ಒಂದೇ ಡಿಸ್ಕಿನಲ್ಲಿ ಇಡೀ ರಾತ್ರಿ ಆಟ

2006ರಲ್ಲಿ ಊರಿಗೆ ಫೋನ್ ಮಾಡಿದಾಗೆಲ್ಲ ನಾನು ಹೇಳ್ತಿದ್ದದ್ದು ಒಂದೇ ಮಾತು, ಡಿವಿಡಿ ಪ್ಲೇಯರ್ ಈಗ ತಗೋಬೇಡಿ, ಸ್ವಲ್ಪ ತಡೀರಿ, ಬ್ಲೂ-ರೇ ಅಂತ ಹೊಸ ಡಿಸ್ಕು ಬರ್ತಾ ಉಂಟು. ನನ್ನ ಮಾತು ನಂಬಿ ಭಾವ ತಡೆದ್ರು, ಪಕ್ಕದ ಮನೆ ಶೆಟ್ರು ತಡೆದ್ರು, ಅಪ್ಪಯ್ಯ ಅಂತೂ ಮೂರು ವರ್ಷ ತಡೆದ್ರು. ಮುಂಬೈಲಿ ಇರೋ ಹುಡುಗ, ಅದೂ ಲ್ಯಾಮಿಂಗ್ಟನ್ ರೋಡಲ್ಲಿ ಕೆಲಸ, ಅವನಿಗೆ ಗೊತ್ತಿಲ್ದೆ ಇರ್ತದಾ ಅಂತ ಊರವರ ಲೆಕ್ಕ.

ಕೆಲಸ ಅಂದ್ರೆ ಎಂತ, ಎಲೆಕ್ಟ್ರಾನಿಕ್ಸ್ ಹೋಲ್‌ಸೇಲ್ ಅಂಗಡಿಯ ಮಾಳಿಗೆಯಲ್ಲಿ ಕೂತು ಬಿಲ್ ಬರೆಯೋದು. ಡೊಂಬಿವಲಿಯಿಂದ ಫಾಸ್ಟ್ ಲೋಕಲಲ್ಲಿ ನೇತಾಡ್ಕೊಂಡು ದಾದರ್, ಅಲ್ಲಿ ಬ್ರಿಜ್ ಹತ್ತಿ ಇಳಿದು ವೆಸ್ಟರ್ನ್ ಲೈನ್, ಆಮೇಲೆ ಗ್ರಾಂಟ್ ರೋಡ್. ಸಂಬಳ ಏಳೂವರೆ ಸಾವಿರ, ರೂಮಲ್ಲಿ ಐದು ಜನ, ಎಲ್ಲಾ ನಮ್ಮ ಕುಂದಾಪುರ ಕಡೆಯವ್ರೇ. ಆಗೆಲ್ಲ ಮುಂಬೈ ಒಳಗೆ ಕರೆಂಟ್ ಹೋಗ್ತಿರ್ಲಿಲ್ಲ, ನಮ್ಮ ಡೊಂಬಿವಲಿಯಲ್ಲಿ ದಿನಾ ಲೋಡ್‌ಶೆಡ್ಡಿಂಗ್, ಇದನ್ನ ಮಾತ್ರ ಊರಲ್ಲಿ ಹೇಳ್ತಿರ್ಲಿಲ್ಲ ಬಿಡಿ.

ಹೊಸ ಡಿಸ್ಕಿನ ಸುದ್ದಿ ಮೊದಲು ಕೇಳಿದ್ದು ನಮ್ಮ ಶೇಠ್ ಬಾಯಲ್ಲಿ. ಕಟಿಂಗ್ ಚಾ ಕುಡೀತಾ "ಲಾಲ್ ಗಯಾ, ಅಬ್ ನೀಲಾ ಆಯೇಗಾ" ಅಂದ್ರು, ಕೆಂಪು ಹೋಯ್ತು, ಇನ್ನು ನೀಲಿ ಬರ್ತದೆ ಅಂತ. ನಂಗೆ ಯಾವುದೋ ಪಾರ್ಟಿಯ ಬಾವುಟದ ವಿಷಯ ಅನ್ನಿಸ್ತು. ಅದು ಲೇಸರ್ ವಿಷಯ. ಡಿವಿಡಿ ಓದೋದು ಕೆಂಪು ಲೇಸರ್, ಬೆಳಕಿನ ಅಲೆಯ ಉದ್ದ 650 ನ್ಯಾನೋಮೀಟರ್, ಹೊಸದ್ದು ನೀಲಿ ನೇರಳೆ, 405, ಅಲೆ ಗಿಡ್ಡ ಆದಷ್ಟೂ ಓದೋ ಚುಕ್ಕಿ ಸಣ್ಣದು. ದಪ್ಪ ನಿಬ್ಬಿನ ಪೆನ್ನಲ್ಲಿ ಇನ್‌ಲ್ಯಾಂಡ್ ಲೆಟರಿಗೆ ಹತ್ತು ಸಾಲು ಬರೆದ್ರೆ ತುಂಬಿಹೋಗ್ತದೆ, ಸಪೂರ ನಿಬ್ಬಿದ್ರೆ ಅದೇ ಕಾಗದದಲ್ಲಿ ಊರಿನ ಸುದ್ದಿ ಪೂರ್ತಿ ಹಿಡೀತದಲ್ಲ, ಹಾಗೆ. ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ, ಅದೇ ಅಗಲದ ಬ್ಲೂ-ರೇಯಲ್ಲಿ ಒಂದು ಪದರಕ್ಕೆ 25, ಎರಡು ಪದರಕ್ಕೆ 50. ಇದಕ್ಕೆ ಎದುರಾಳಿಯಾಗಿ ತೋಷಿಬಾದವರ ಎಚ್‌ಡಿ ಡಿವಿಡಿ, ಅದೂ ನೀಲಿ ಲೇಸರೇ, ಹಿಡಿಯೋದು 15 ಮತ್ತೆ 30. ಸೋನಿ, ಫಿಲಿಪ್ಸ್, ಪ್ಯಾನಾಸಾನಿಕ್ ಎಲ್ಲಾ ಆ ಕಡೆ, ತೋಷಿಬಾ, ಎನ್‌ಇಸಿ, ಮೈಕ್ರೋಸಾಫ್ಟ್ ಈ ಕಡೆ, ಥೇಟ್ ಯಕ್ಷಗಾನದ ಜೋಡಾಟ, ಎದುರು ಬದುರು ಎರಡು ರಂಗಸ್ಥಳ, ಯಾವ ಕಡೆ ಕೂರೋದು ಅಂತ ನೋಡೋರಿಗೇ ತಲೆಬಿಸಿ.

ಆಟದ ಮಾತು ಬಂತಲ್ಲ, ಅಪ್ಪಯ್ಯನಿಗೆ ಬೇಕಾದದ್ದೂ ಆಟವೇ. ಸಿನಿಮಾ ಅವ್ರಿಗೆ ಬೇಡ. ಮನೇಲಿ ಒಂದು ವಿಸಿಡಿ ಪ್ಲೇಯರ್ ಇತ್ತು, ಪೇಟೆಯಿಂದ ತಂದ ಯಕ್ಷಗಾನದ ವಿಸಿಡಿಗಳೂ ಇದ್ವು, ಒಂದು ಪ್ರಸಂಗಕ್ಕೆ ಎರಡೋ ಮೂರೋ ಡಿಸ್ಕು. ಒಂದೊಂದರಲ್ಲಿ ಹಿಡಿಯೋದು ಒಂದು ಗಂಟೆ ಚಿಲ್ಲರೆ, ಹಾಗಾಗಿ ಯುದ್ಧ ಏರುವಾಗಲೇ ಡಿಸ್ಕ್ ಮುಗೀತಿತ್ತು, ಎದ್ದು ಹೋಗಿ ಮುಂದಿನದ್ದು ಹಾಕಬೇಕು. ಪಿಕ್ಚರ್ ಅಂತೂ 352 ಅಡ್ಡ, 288 ಉದ್ದ, ಅಷ್ಟೇ ಚುಕ್ಕಿ. ವೇಷ ಸುಮ್ನೆ ನಿಂತು ಅರ್ಥ ಹೇಳುವಾಗ ತೊಂದ್ರೆ ಇಲ್ಲ, ಚಂಡೆ ಏರಿ ಗಿರಕಿ ಹೊಡೆಯೋಕೆ ಶುರು ಮಾಡಿದ್ರೆ ಮುಖ, ಕಿರೀಟ, ಸೋಗೆವಲ್ಲಿ ಎಲ್ಲಾ ಚೌಕ ಚೌಕ. "ಕುಣಿಯೋಕೆ ಹೊರಟ್ರೆ ವೇಷ ಒಡೆದೇ ಹೋಗ್ತದೆ ಮಾರಾಯ" ಅಂತ ಅಪ್ಪಯ್ಯನ ದೂರು. ಆ ಚೌತಿಗೆ ಬರುವಾಗ ಒಂದು ಡಿವಿಡಿ ಪ್ಲೇಯರ್ ತಗೊಂಡು ಬಾ ಅಂದಿದ್ರು. ನಮ್ಮ ಅಂಗಡಿಯಲ್ಲೇ ಎರಡು ಸಾವಿರಕ್ಕೆ ಚೀನಾ ಮಾಲು ಬೇಕಾದಷ್ಟಿತ್ತು. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನ ಸೀಟಿನಡಿ ಇಟ್ಕೊಂಡು ಹೋಗಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು.

ಆದ್ರೆ ನನ್ನ ತಲೆ ಕೆಡಿಸಿದ್ದು ಒಂದು ಲೆಕ್ಕ. ಬ್ಲೂ-ರೇ ಕಡೆಯವರು 50 ಜಿಬಿಯಲ್ಲಿ 9 ಗಂಟೆಗೂ ಹೆಚ್ಚು ಎಚ್‌ಡಿ ವಿಡಿಯೋ ಹಿಡೀತದೆ ಅಂತ ಹೇಳ್ಕೊಂಡಿದ್ರು. ಅಮೆರಿಕದವ್ರಿಗೆ 9 ಗಂಟೆ ಅಂದ್ರೆ ಎಂತಕ್ಕೆ ಬೇಕೋ ಗೊತ್ತಿಲ್ಲ, ನಂಗೆ ಹೊಳೆದದ್ದು ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗ್ಗೆ ಆರಕ್ಕೆ ಮಂಗಳ ಹಾಡೋ ಬಯಲಾಟ! ಕೋಡಂಗಿಯಿಂದ ಹಿಡಿದು ಕೊನೇ ವೇಷದವರೆಗೆ ಇಡೀ ರಾತ್ರಿ ಒಂದೇ ಡಿಸ್ಕಿನಲ್ಲಿ, ಎದ್ದು ಬದಲಿಸೋದೇ ಬೇಡ. ರೂಮಿನವ್ರಿಗೆ ಇದನ್ನ ಹೇಳಿದ ರಾತ್ರಿ ಲೋಡ್‌ಶೆಡ್ಡಿಂಗ್ ಇತ್ತು, ಕತ್ತಲಲ್ಲೇ ಯಾವ ಪ್ರಸಂಗ ಮೊದಲು ಹಾಕೋದು ಅಂತ ಜಗಳ ಆಯ್ತು.

ರೇಟ್ ಕೇಳಿದ್ರೆ ಮಾತ್ರ ಎದೆ ಝಲ್ ಅಂತಿತ್ತು. ತೋಷಿಬಾದ ಎಚ್‌ಡಿ ಡಿವಿಡಿ ಪ್ಲೇಯರ್ ಆ ಏಪ್ರಿಲಲ್ಲಿ ಅಮೆರಿಕದಲ್ಲಿ 499 ಡಾಲರಿಗೆ ಬಂತು, ಜೂನಲ್ಲಿ ಸ್ಯಾಮ್‌ಸಂಗಿನ ಬ್ಲೂ-ರೇ ಪ್ಲೇಯರ್ 999 ಡಾಲರಿಗೆ. ನನ್ನ ಆರು ತಿಂಗಳ ಸಂಬಳ, ಊಟ ಬಿಟ್ರೂ ಸಾಲದು. ಇಳಿಯುತ್ತೆ ಇಳಿಯುತ್ತೆ, ಮೊಬೈಲ್ ಇಳೀಲಿಲ್ವಾ ಅಂತ ಶೇಠ್ ಧೈರ್ಯ ಹೇಳಿದ್ರು, ಹೇಳಿದವ್ರು ತಾವು ಒಂದು ಪೀಸೂ ತರಿಸ್ಲಿಲ್ಲ, ಡಿವಿಡಿ ಪ್ಲೇಯರೇ ಲೋಡುಗಟ್ಟಲೆ ಇಳಿಸ್ತಿದ್ರು. ಅದು ನಂಗೆ ಆಗ್ಲೇ ಅರ್ಥ ಆಗ್ಬೇಕಿತ್ತು.

ಇನ್ನೊಂದು ಭಯವೂ ಇತ್ತು. ಡಿವಿಡಿಯಲ್ಲಿ ಮಾಹಿತಿ ಇರೋ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗೆ, ಎಚ್‌ಡಿ ಡಿವಿಡಿಯಲ್ಲೂ ಅಷ್ಟೇ. ಬ್ಲೂ-ರೇಯಲ್ಲಿ ಬರೀ 0.1, ಅಂದ್ರೆ ಚರ್ಮದ ಕೆಳಗೇ ನರ ಇದ್ದ ಹಾಗೆ. ನಮ್ಮ ಅಪ್ಪಯ್ಯ ಡಿಸ್ಕ್ ಒರೆಸೋ ಕ್ರಮ ಹೇಳ್ತೇನೆ ಕೇಳಿ, ಬಾಯಿಂದ ಹಾ ಅಂತ ಉಸಿರು ಬಿಟ್ಟು, ಪಂಚೆಯ ಚುಂಗಲ್ಲಿ ಸುತ್ತ ಸುತ್ತ ಉಜ್ಜೋದು, ಅದೇ ಪಂಚೆಯಲ್ಲಿ ಆಗಷ್ಟೇ ಕವಳದ ಕೈ ಒರೆಸಿರ್ತಾರೆ. ಮೇಲೆ ಗಟ್ಟಿ ಲೇಪ ಕೊಡ್ತಾರೆ, ಗೀರು ಬೀಳೋದಿಲ್ಲ ಅಂತ ಎಲ್ಲೋ ಓದಿ ಸಮಾಧಾನ ಮಾಡ್ಕೊಂಡೆ.

ಕೊನೆಗೂ ಕಣ್ಣಾರೆ ನೋಡಿದ್ದು ಮಲಾಡಿನ ಒಂದು ಮಾಲಲ್ಲಿ, ಎಸಿ ತಿನ್ನೋಕೆ ಅಂತ ಹೋದ ಭಾನುವಾರ. ದೊಡ್ಡ ಟಿವಿಯಲ್ಲಿ ಡೆಮೋ ಓಡ್ತಿತ್ತು, ಯಾರೋ ಮುದುಕನ ಮುಖ, ಗಡ್ಡದ ಒಂದೊಂದು ಕೂದಲು ಬೇರೆ ಬೇರೆ, ಮೂಗಿನ ಮೇಲಿನ ಬೆವರಿನ ಹನಿ ಕೂಡ. ನಾನು ನೋಡ್ತಾ ಇದ್ದದ್ದು ಆ ಮುದುಕನನ್ನಲ್ಲ. ರಕ್ಕಸ ವೇಷದ ಮುಖಕ್ಕೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಡ್ತಾರಲ್ಲ, ಒಂದೊಂದೇ ಮುಳ್ಳು ಎಬ್ಬಿಸ್ತಾ ಗಂಟೆಗಟ್ಟಲೆ, ಅದು ಇಷ್ಟು ಸ್ಪಷ್ಟ ನಮ್ಮ ಜಗಲಿಯಲ್ಲಿ ಕಂಡ್ರೆ! ಸೇಲ್ಸ್ ಹುಡುಗ ಬಂದು ಏನ್ ಬೇಕು ಅಂತ ಕೇಳೋವರೆಗೂ ನಿಂತೇ ಇದ್ದೆ.

ಆದ್ರೆ ಪಾತ್ರೆ ದೊಡ್ಡದಿದ್ರೆ ಆಯ್ತಾ, ಬೇಯಿಸೋಕೆ ಅಕ್ಕಿ ಬೇಡ್ವಾ. ಮಳೆಗಾಲದಲ್ಲಿ ಊರಿನ ಮೇಳದವರು ಮುಂಬೈಗೆ ಬರ್ತಾರೆ, ಸಂಘದವರು ಹಾಲಲ್ಲಿ ಆಟ ಆಡಿಸ್ತಾರೆ. ಅಂಥ ಒಂದು ಆಟಕ್ಕೆ ಮದುವೆ ವಿಡಿಯೋ ಮಾಡೋ ನಮ್ಮವ್ರೊಬ್ರು ಕ್ಯಾಮೆರಾ ಹಿಡಿದು ಬಂದಿದ್ರು, ಎಚ್‌ಡಿಯಲ್ಲಿ ತೆಗೀತೀರಾ ಅಂತ ಕೇಳಿದೆ. ಅವ್ರು ಮಿನಿ ಡಿವಿ ಟೇಪ್ ಬದಲಿಸ್ತಾ ನನ್ನ ಮುಖ ನೋಡಿ, "ಎಚ್‌ಡಿ ಕ್ಯಾಮೆರಾ ತಗೊಳ್ಳೋಕೆ ನಾನು ಬಾಳೆಬರೆಯ ಗದ್ದೆ ಮಾರ್ಬೇಕು" ಅಂದ್ರು. ಅಷ್ಟರಲ್ಲಿ ಮೋಸರ್ ಬೇರ್ ಅನ್ನೋ ಡಿಸ್ಕ್ ಕಂಪನಿಯವರು ಸಿನಿಮಾ ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂತ ಶುರು ಮಾಡಿದ್ರು. ಆ ರೇಟಿನ ಎದುರು ಯಾವ ನೀಲಿ ಲೇಸರು ನಿಲ್ತದೆ ಹೇಳಿ.

2007ರಲ್ಲಿ ಸೋನಿಯವರ ವಿಡಿಯೋ ಗೇಮ್ ಪಿಎಸ್ 3 ಇಲ್ಲಿಗೂ ಬಂತು, 39,990 ರೂಪಾಯಿ, ಅದ್ರಲ್ಲಿ ಬ್ಲೂ-ರೇ ಹಾಕಬಹುದು, ಆಟದ ಪೆಟ್ಟಿಗೆ ಅದು ಅಂತ ಅಪ್ಪಯ್ಯನಿಗೆ ವಿವರಿಸಿದ್ರೆ "ಆಟದ ಪೆಟ್ಟಿಗೆ ಅಂದ್ರೆ ಚೌಕಿಯಲ್ಲಿ ವೇಷಭೂಷಣ ತುಂಬಿಡೋದಲ್ವಾ" ಅಂತ ಕೇಳಿದ್ರು. 2008ರ ಜನವರಿಯಲ್ಲಿ ಹಾಲಿವುಡ್ಡಿನ ವಾರ್ನರ್ ಸಿನಿಮಾ ಕಂಪನಿಯವರು ಇನ್ಮೇಲೆ ಬರೀ ಬ್ಲೂ-ರೇ ಅಂದ್ರು, ಫೆಬ್ರವರಿ 19ಕ್ಕೆ ತೋಷಿಬಾ ಕೈ ಚೆಲ್ಲಿತು. ಜೋಡಾಟ ಮುಗೀತು, ಗೆದ್ದವರ ಡಿಸ್ಕು ಲ್ಯಾಮಿಂಗ್ಟನ್ ರೋಡಿನ ಗಾಜಿನ ಕಪಾಟಲ್ಲಿ ಧೂಳು ಹಿಡೀತಾ ಕೂತ್ಕೊಂಡಿತು.

2009ರ ಚೌತಿಗೆ ಎರಡು ಸಾವಿರದ ಅದೇ ಡಿವಿಡಿ ಪ್ಲೇಯರ್ ತಗೊಂಡು ಊರಿಗೆ ಹೋದೆ. ಜೊತೆಗೆ ವಿಡಿಯೋದವ್ರ ಕೈಕಾಲು ಹಿಡಿದು ಆ ಸಂಘದ ಆಟವನ್ನ ಎರಡು ಡಿವಿಡಿಗೆ ಹಾಕಿಸ್ಕೊಂಡಿದ್ದೆ. ರಾತ್ರಿ ಊಟ ಆದ್ಮೇಲೆ ಎಲ್ಲಾ ಕೂತ್ರು. ವೇಷ ಗಿರಕಿ ಹೊಡೆದ್ರೂ ಒಡೀಲಿಲ್ಲ, ನಾನು ಅಪ್ಪಯ್ಯನ ಮುಖವನ್ನೇ ನೋಡ್ತಿದ್ದೆ, ಏನಾದ್ರೂ ಹೇಳ್ತಾರಾ ಅಂತ. ಮಧ್ಯ ಒಂದ್ಸಲ ಕ್ಯಾಮೆರಾ ಸಭೆ ಕಡೆ ತಿರುಗ್ತು. "ನಿಲ್ಸು, ಸ್ವಲ್ಪ ಹಿಂದೆ ಹಾಕು" ಅಂದ್ರು. ಹಾಕಿದೆ. ಮೂರನೇ ಸಾಲಲ್ಲಿ ಡ್ಯೂಟಿಯಿಂದ ನೇರ ಬಂದವನು ಬಾಯಿ ತೆರೆದು ತೂಕಡಿಸ್ತಿದ್ದೆ.

"ಇದ್ರಲ್ಲಿ ಸಮಾ ಕಾಣ್ತದೆ" ಅಂದ್ರು ಅಪ್ಪಯ್ಯ. ಆಮೇಲೆ ಅಮ್ಮನ ಕಡೆ ತಿರುಗಿ, "ಎಷ್ಟು ಸೊರಗಿದ್ದಾನೆ ಕಾಣು."