ಎಲ್ಲರೂ ಬಂದರು, ಒಟ್ಟಿಗೆ ಯಾರೂ ಬರಲಿಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಎಣ್ಮಕಜೆ ಪಂಚಾಯತಿನ ಪಡ್ರೆಗೆ ಬಂದಷ್ಟು ವಿಜ್ಞಾನಿಗಳು ಈ ಗಡಿನಾಡಿನ ಬೇರೆ ಹಳ್ಳಿಗೆ ಬಂದಿರಲಿಕ್ಕಿಲ್ಲ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು ಎರಡು ದಶಕಕ್ಕೂ ಹೆಚ್ಚು ನಡೆದು 2000ದ ಹೊತ್ತಿಗೆ ನಿಂತಿತು. 1979ರಲ್ಲೇ ಕರುಗಳು ಕಾಲು ಸೊಟ್ಟಗಾಗಿ ಹುಟ್ಟುವುದನ್ನು ಪತ್ರಕರ್ತ ಶ್ರೀ ಪಡ್ರೆಯವರು ಗಮನಿಸಿದ್ದರು. ಆಮೇಲೆ ವಾಣಿನಗರದ ವೈದ್ಯ ಡಾ. ಮೋಹನ ಕುಮಾರ್ ತನ್ನಲ್ಲಿಗೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಅಂತ ಬರೆಯತೊಡಗಿದರು. ಒಬ್ಬರು ಕರು ನೋಡಿದ್ದು, ಇನ್ನೊಬ್ಬರು ಮನುಷ್ಯರನ್ನು ನೋಡಿದ್ದು. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಬೇಕಾದವರು ಯಾರು? ಯಾವ ಇಲಾಖೆ?

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) ಬಂದು ಮಾದರಿ ತೆಗೆದುಕೊಂಡು ಹೋಗಿ, ವಿಷ ಇದೆ ಅಂದಿತು. ಗೇರು ತೋಟ ನಡೆಸುವ ಕೇರಳ ಸರಕಾರದ ಪ್ಲಾಂಟೇಶನ್ ನಿಗಮ ಮಾಡಿಸಿದ ಪರೀಕ್ಷೆ ಇಲ್ಲ ಅಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ತೋಟದ ಕೆಳಗಿನ ಊರಿನ 117 ಹುಡುಗರನ್ನೂ ಬೇರೆ ಕಡೆಯ 90 ಹುಡುಗರನ್ನೂ ಹೋಲಿಸಿ, ಇಲ್ಲಿಯವರ ಲೈಂಗಿಕ ಬೆಳವಣಿಗೆ ತಡವಾಗುತ್ತಿರಬಹುದು ಅಂತ 2003ರಲ್ಲಿ ಪ್ರಕಟಿಸಿದರು. ಆಮೇಲೆ ಇನ್ನೂ ಹಲವರು ಬಂದರು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧ ಹೇಳಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಆದೇಶವೂ ಬಂತು. ಆದರೆ ಯಾವ ಕಾಯಿಲೆಗೆ ಏನು ಕಾರಣ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಒಬ್ಬರು ತೆಗೆದ ನೀರಿಗೂ ಇನ್ನೊಬ್ಬರು ತೆಗೆದ ರಕ್ತಕ್ಕೂ ನಡುವೆ ತಾಳೆ ಹಾಕಲು ಆಗುವುದೇ ಇಲ್ಲ, ಯಾಕೆಂದರೆ ವರ್ಷ ಬೇರೆ, ಮನೆ ಬೇರೆ, ಫಾರಂ ಬೇರೆ, ದುಡ್ಡು ಕೊಟ್ಟವರೂ ಬೇರೆ.

ಬೇರೆ ಥರ ಮಾಡಲು ಸಾಧ್ಯವಿತ್ತಾ? ಇತ್ತು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಮನುಷ್ಯರಿಗೂ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅಲ್ಲಿಗೆ ಹೋದರು. ರಾಕ್‌ಫೆಲ್ಲರ್ ಫೌಂಡೇಶನ್ನಿನ ಹಣ ಆ ಕೇಂದ್ರದ ಹಿಂದೆ ಇತ್ತು. ವೈರಸ್ ನೋಡುವವರು, ಉಣುಗು ಹೆಕ್ಕುವವರು, ಮಂಗನ ಹೆಣ ಕೊಯ್ಯುವವರು ಎಲ್ಲ ಒಂದೇ ಕಾಡಿನಲ್ಲಿ. ರಷ್ಯದ ಕಡೆ ಇಂಥದ್ದೇ ವೈರಸ್ ಇದ್ದುದರಿಂದ ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದವೋ ಅನ್ನುವ ಅನುಮಾನ ಬಂತು. ಆಗ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟದ್ದು ಯಾವ ಆಸ್ಪತ್ರೆಗೂ ಅಲ್ಲ, ಪಕ್ಷಿತಜ್ಞ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ, ಹಕ್ಕಿಗಳ ಕಾಲಿಗೆ ಉಂಗುರ ಹಾಕಲಿಕ್ಕೆ! ನಮ್ಮ ಈಗಿನ ಯಾವ ಫೈನಾನ್ಸ್ ಆಫೀಸರ್ ಇದಕ್ಕೆ ಸಹಿ ಹಾಕುತ್ತಾರೆ ಹೇಳಿ.

ಈಗ ಹಣದ ದಾರಿಗಳು ಇಲ್ಲವೆಂದಲ್ಲ. 2023ರ ಕಾಯ್ದೆಯಿಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ, ಐದು ವರ್ಷಕ್ಕೆ 50,000 ಕೋಟಿ ಅಂದರು, ಅದರಲ್ಲಿ ದೊಡ್ಡ ಪಾಲು ಖಾಸಗಿಯವರಿಂದ ಬರಬೇಕು. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಐಸಿಎಂಆರ್ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟೂ ಸೇರಿ ಕಟ್ಟಿದ ಇಂಡಿಯಾ ಅಲಯನ್ಸ್ ಅಂತೂ ತಂಡಗಳಿಗೇ ಅಂತ ಬೇರೆ ಗ್ರಾಂಟ್ ಇಟ್ಟಿತು. ಎಲ್ಲ ಸರಿ. ಆದರೆ ವಿಶ್ವವಿದ್ಯಾಲಯದ ಒಳಗೆ ಹೋಗಿ ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಬಡ್ತಿ-ನೇಮಕಾತಿ ನಿಯಮದ ಪ್ರಕಾರ ಇಬ್ಬರಿಗಿಂತ ಹೆಚ್ಚು ಜನ ಬರೆದ ಪ್ರಬಂಧದಲ್ಲಿ ಮೊದಲ ಅಥವಾ ಮುಖ್ಯ ಲೇಖಕರಿಗೆ ಅಂಕದ 70 ಶೇಕಡಾ, ಉಳಿದವರಿಗೆ ತಲಾ 30. ಅಂದರೆ ಪಶುವೈದ್ಯರು, ರಸಾಯನಶಾಸ್ತ್ರದವರು, ಸಮಾಜಶಾಸ್ತ್ರದವರು, ಡಾಕ್ಟರು ಸೇರಿ ವರ್ಷಗಟ್ಟಲೆ ದುಡಿದು ಒಂದು ಒಳ್ಳೆಯ ಪೇಪರ್ ತಂದರೆ ಒಬ್ಬರಿಗೆ ಬಡ್ತಿ, ಉಳಿದವರಿಗೆ ಸಮಾಧಾನ. ಅದರ ಬದಲು ತಮ್ಮ ತಮ್ಮ ಲ್ಯಾಬಿನಲ್ಲಿ ಒಂದೊಂದು ಸಣ್ಣ ಪೇಪರ್ ಮಾಡಿಕೊಂಡರೆ ಜಾಸ್ತಿ ಲಾಭ. ತಂಡ ಕಟ್ಟಿ ಅಂತ ಒಂದು ಕೈಯಲ್ಲಿ ಕರೆಯುವುದು, ಇನ್ನೊಂದು ಕೈಯಲ್ಲಿ ಅಂಕ ಕತ್ತರಿಸುವುದು. ಇದನ್ನು ಸರಿಮಾಡಲು ಕೋಟಿ ಬೇಡ, ಒಂದು ತಿದ್ದುಪಡಿ ಸಾಕು.

ನನಗೆ ಹೆಚ್ಚು ಸಿಟ್ಟು ಬರುವುದು ಮಾತ್ರ ಇದರ ಮೇಲಲ್ಲ, ಪ್ರಾಜೆಕ್ಟ್ ಬಜೆಟ್ಟಿನ ಹೆಡ್‌ಗಳ, ಅಂದರೆ ಖರ್ಚಿನ ಶೀರ್ಷಿಕೆಗಳ ಮೇಲೆ. ಯಂತ್ರ, ಕೆಮಿಕಲ್ಸ್, ಟ್ರಾವೆಲ್, ಕಂಟಿಂಜೆನ್ಸಿ (ಚಿಲ್ಲರೆ ಖರ್ಚು), ಮ್ಯಾನ್‌ಪವರ್. ಮ್ಯಾನ್‌ಪವರ್ ಅಂದರೆ ಜೆಆರ್‌ಎಫ್, ಅಂದರೆ ಫೆಲೋಶಿಪ್ಪಿನ ಕಿರಿಯ ಸಂಶೋಧಕರು, ಅಷ್ಟೇ. ನಾನು ಸ್ವಲ್ಪ ಕಾಲ ಒಂದು ಪ್ರಾಜೆಕ್ಟಿಗೆ ಊರಿನಲ್ಲಿ ಫೀಲ್ಡ್ ಕೆಲಸ ಮಾಡಿದೆ, ಯಾವುದು ಅಂತ ಬೇಡ. ದೂರದಿಂದ ಬಂದ ರಿಸರ್ಚ್ ಸ್ಕಾಲರುಗಳಿಗೆ ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಹವ್ಯಕ ಕನ್ನಡ, ಆಚೆ ಮನೆಯಲ್ಲಿ ಮಲಯಾಳ, ಗುಡ್ಡದ ಮೇಲೆ ಮರಾಠಿ ಮಾತಾಡುವವರು ಅಂತ ಗೊತ್ತೇ ಇರಲಿಲ್ಲ. ಪ್ರಶ್ನಾವಳಿಯಲ್ಲಿ ಕುಡಿಯುವ ನೀರು ಎಲ್ಲಿಂದ ಅಂತ ಕೇಳಿ ಬಾವಿ, ಬೋರ್‌ವೆಲ್, ನಲ್ಲಿ ಅಂತ ಮೂರು ಚೌಕ ಇಟ್ಟಿದ್ದರು. ಇಲ್ಲಿ ಅರ್ಧ ಊರು ಸುರಂಗದ ನೀರು ಕುಡಿಯುವುದು ಮಾರಾಯ್ರೆ! ಗುಡ್ಡ ಕೊರೆದು ತೆಗೆದ ಸುರಂಗಕ್ಕೆ ಮೇಲಿನ ತೋಟದಿಂದ ಇಳಿದ ನೀರು ಬರುತ್ತದೆ, ಕೀಟನಾಶಕದ ಅಧ್ಯಯನಕ್ಕೆ ಅದಕ್ಕಿಂತ ಮುಖ್ಯ ಚೌಕ ಬೇರೆ ಯಾವುದು? ಊರಿನವರೊಬ್ಬರು ಹೇಳಿದ ಮೇಲೆ ಪೆನ್ನಿನಲ್ಲಿ ಗೀಚಿ ಸೇರಿಸಿದರು. ಅಂಥ ಜನರಿಗೆ ಕೊಟ್ಟ ದಿನಗೂಲಿಯನ್ನು ತೋರಿಸಲು ಹೆಡ್ ಇಲ್ಲದೆ ಕಂಟಿಂಜೆನ್ಸಿಯಲ್ಲಿ ಹಾಕಿದರು. ಅದೂ ಬಂದದ್ದು ತಿಂಗಳುಗಳ ನಂತರ, ಹಿಂದಿನ ವರ್ಷದ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಹೋಗದೆ ಮುಂದಿನ ಕಂತು ಬರುವುದಿಲ್ಲ ಅಂತ. ಮಾರ್ಚ್ ಕೊನೆಗೆ ಮಾತ್ರ ಹಣ ಖರ್ಚು ಮಾಡಲು ಎಲ್ಲರಿಗೂ ಅವಸರ.

ಇನ್ನೊಂದು ವಿಷಯ, ಕೇರಳ-ಕರ್ನಾಟಕ ಗಡಿಯ ತಲಪಾಡಿ. ನಮ್ಮ ಕಡೆ ಸ್ವಲ್ಪ ಜೋರು ಕಾಯಿಲೆಯಾದರೆ ಮಂಗಳೂರಿಗೇ ಓಡುವುದು. 2020ರಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ ಇದು ಇಡೀ ದೇಶಕ್ಕೆ ಗೊತ್ತಾಯಿತು. ಅಂದರೆ ಕಾಸರಗೋಡಿನ ರೋಗದ ದಾಖಲೆಯ ದೊಡ್ಡ ಭಾಗ ಇರುವುದು ಕರ್ನಾಟಕದ ಆಸ್ಪತ್ರೆಗಳಲ್ಲಿ. ಕೇರಳದ ಹಣದಲ್ಲಿ ಮಾಡುವ ಅಧ್ಯಯನಕ್ಕೆ ಆ ಕಡೆಯವರನ್ನು ಜೊತೆ ಸೇರಿಸದಿದ್ದರೆ ಅರ್ಧ ರೋಗಿಗಳು ಲೆಕ್ಕದಲ್ಲೇ ಇಲ್ಲ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಕಾಸರಗೋಡಿನಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ಗಡಿ ದಾಟಿದರೆ ಮಂಗಳೂರಿನ ಮೆಡಿಕಲ್ ಕಾಲೇಜುಗಳು. ಬಸ್ಸಿನಲ್ಲಿ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮೂರೂ ಕಡೆ ಹೋಗಿ ಬರಬಹುದು. ಒಂದೇ ಅರ್ಜಿಯಲ್ಲಿ ಮೂರನ್ನೂ ಹಾಕುವುದೇ ಕಷ್ಟ.

ಕಳೆದ ವಾರ ಪರಿಚಯದ ಒಬ್ಬ ಮೇಡಂ ಫೋನ್ ಮಾಡಿ, ಹೊಸ ಅರ್ಜಿ ಹಾಕುತ್ತಿದ್ದೇವೆ, ಏನು ಬರೆಯಬೇಕು ಅಂತ ಕೇಳಿದರು. ಮೊದಲ ವರ್ಷ ಮಾದರಿ ತೆಗೆಯುವುದೇ ಬೇಡ, ಊರಿನವರ ಹತ್ತಿರ ಮಾತಾಡಲಿಕ್ಕೇ ಹಣ ಇಡಿ, ತುಳು ಬರುವ ಇಬ್ಬರಿಗೆ ಮ್ಯಾನ್‌ಪವರಿನಲ್ಲೇ ಸಂಬಳ ತೋರಿಸಿ ಅಂದೆ. ರಿವ್ಯೂನಲ್ಲಿ ಕತ್ತರಿಸುತ್ತಾರೆ ಅಂದರು. ಹಾಗಾದರೆ ಮಾದರಿ ಇಡುವ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್ ಬಿಡಿ, ಅದು ಮಂಗಳೂರಿನವರ ಹತ್ತಿರ ಇದೆ, ಅವರನ್ನು ಕೋ-ಪಿಐ (ಜೊತೆ ಸಂಶೋಧಕರು) ಮಾಡಿಕೊಳ್ಳಿ ಅಂದೆ. ನೋಡುವಾ ಅಂದಿದ್ದಾರೆ.