‘ಬೇಕು’ ಅವ್ಯಯವಾದರೆ ‘ಬೇಕಾಯಿತು’ ಎಲ್ಲಿಂದ ಬಂತು?

ವಿಜಯನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಕನ್ನಡ ವ್ಯಾಕರಣ ಹೇಳಿಕೊಡುತ್ತೇನೆ. ಸಂಧಿ, ಸಮಾಸಗಳನ್ನು ಅವರು ಗಿಣಿಪಾಠದಂತೆ ಒಪ್ಪಿಸಿಬಿಡುತ್ತಾರೆ. ಅವ್ಯಯ ಬಂದಾಗ ಮಾತ್ರ ಯಾರಾದರೊಬ್ಬರು ಕೈ ಎತ್ತುವುದು ಖಂಡಿತ. ‘ಸರ್, ಅವ್ಯಯವೆಂದರೆ ಬದಲಾಗದ ಪದ ಅಂದಿರಿ. ಬೇಕು ಅವ್ಯಯವಾದರೆ ಬೇಕಾಯಿತು, ಬೇಕಾದವರು ಎನ್ನುವುದು ಹೇಗೆ?’

ತಪ್ಪು ಕೇಳಿದವರದಲ್ಲ, ‘ಬದಲಾಗದ ಪದ’ ಎಂದು ಅರ್ಧಕ್ಕೇ ನಿಲ್ಲಿಸುವ ಗೈಡುಗಳದು. ವ್ಯಯವೆಂದರೆ ಕಳೆಯುವುದು, ಖರ್ಚಾಗುವುದು. ವಿಧಾನಸೌಧದಲ್ಲಿ ಮಂಡನೆಯಾಗುವ ಆಯವ್ಯಯದಲ್ಲಿರುವುದೂ ಇದೇ. ಭಗವದ್ಗೀತೆ ಆತ್ಮವನ್ನು ಅವ್ಯಯ ಎನ್ನುವಾಗ ನಾಶವಿಲ್ಲದ್ದು ಎಂದರ್ಥ. ವೈಯಾಕರಣರ ಬೇಡಿಕೆ ಅಷ್ಟು ದೊಡ್ಡದಲ್ಲ: ಲಿಂಗ, ವಚನ, ವಿಭಕ್ತಿಗಳಿಗೆ ಪದ ಜಗ್ಗಬಾರದು, ಅಷ್ಟೇ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇವುಗಳಿಗೆಂದೇ ಒಂದು ಪ್ರಕರಣ ಇಟ್ಟಿದ್ದಾನೆ.

ಅವನು ಬರುತ್ತಾನೆ, ಅವಳು ಬರುತ್ತಾಳೆ, ನಾವು ಬರುತ್ತೇವೆ. ಆದರೆ ಅವನಿಗೆ ಬೇಕು, ಅವಳಿಗೆ ಬೇಕು, ನಮಗೂ ಬೇಕು. ಕ್ರಿಯಾಪದದ ಕೆಲಸವನ್ನೆಲ್ಲ ಮಾಡಿಯೂ ರೂಪ ಬಿಟ್ಟುಕೊಡದ ಇಂಥವನ್ನೇ ಕ್ರಿಯಾರ್ಥಕಾವ್ಯಯ ಎನ್ನುವುದು. ಬೆಂಗಳೂರಿಗೆ ಹೊಸದಾಗಿ ಬಂದವರನ್ನು ನೋಡಿ. ‘ಅಮ್ಮ ಬರುತ್ತಾನೆ’ ಎಂದು ತಡವರಿಸುವವರೂ ದರ್ಶಿನಿಯಲ್ಲಿ ‘ಎರಡು ಇಡ್ಲಿ ಬೇಕು, ವಡೆ ಬೇಡ, ಚಟ್ನಿ ಸಾಕು’ ಎಂದು ನಿರಾಳವಾಗಿ ಹೇಳುತ್ತಾರೆ. ಅಲ್ಲಿ ಎಡವಲು ಪ್ರತ್ಯಯವೇ ಇಲ್ಲ!

ಇನ್ನು ‘ಬೇಕಾಯಿತು’. ಬಿಡಿಸಿ ಬರೆಯಿರಿ: ಬೇಕು + ಆಯಿತು. ಲೋಪಸಂಧಿಯಲ್ಲಿ ಉಕಾರ ಬಿದ್ದಿದೆ, ನಿಜ. ಆದರೆ ಭೂತಕಾಲವನ್ನು ಹೊತ್ತಿರುವುದು ‘ಆಗು’ ಧಾತು. ಬೇಕಾಗುತ್ತದೆ, ಬೇಕಾದೀತು ಎಂದರೂ ತಿರುಗುವುದು ಅದೇ. ‘ಬೇಕಾದವರು’ ಎಂಬಲ್ಲಿ ಬಹುವಚನವೂ ‘ಆದವರು’ ಎಂಬುದರದ್ದೇ. ಬೇಕು ಮುಂದೆ ಸುಮ್ಮನೆ ಕುಳಿತಿದೆ. (ಹಾಗೆಂದು ಇದು ಹುಟ್ಟಾ ಅವ್ಯಯವೂ ಅಲ್ಲ, ಹಳಗನ್ನಡದ ಬೇೞ್ಕುಂ ಎಂಬ ಕ್ರಿಯಾರೂಪ ಸವೆದು ಬೇಕು ಆಗಿದೆ.)

ಥಟ್ಟನೆ, ಅಯ್ಯೋ, ದಬದಬ, ಮತ್ತು, ಅಥವಾ: ಇವುಗಳಲ್ಲಿ ಯಾರಿಗೂ ತಕರಾರಿಲ್ಲ. ನನಗೆ ತಕರಾರಿರುವುದು ಮೇಲೆ, ಕೆಳಗೆ, ನಾಳೆಗಳ ಬಗ್ಗೆ. ಪಠ್ಯಗಳು ಇವನ್ನೂ ಅವ್ಯಯದ ಪಟ್ಟಿಗೆ ಸೇರಿಸುತ್ತವೆ. ಆದರೆ ಮೇಲಿನ, ಕೆಳಗಿನಿಂದ, ನಾಳೆಗೆ ಎಂದು ಇವು ವಿಭಕ್ತಿಯನ್ನು ರಾಜಾರೋಷವಾಗಿ ಹಚ್ಚಿಕೊಳ್ಳುತ್ತವೆ. ನನ್ನ ಲೆಕ್ಕದಲ್ಲಿ ಇವು ಅರೆ ನಾಮಪದಗಳು. ನೀವು ಮಾತ್ರ ಉತ್ತರಪತ್ರಿಕೆಯಲ್ಲಿ ಅವ್ಯಯವೆಂದೇ ಗುರುತು ಮಾಡಿ. ಜಗಳವನ್ನು ಫಲಿತಾಂಶ ಬಂದ ಮೇಲೆ ಮುಂದುವರಿಸೋಣ.