ರೇಡಿಯೋ ದೂರದರ್ಶಕದಲ್ಲಿ ಎಂತ ಕೇಳ್ತದೆ?

ಗ್ಯಾಲಕ್ಸಿ ಅಂದರೆ ನಕ್ಷತ್ರಗಳ ದೊಡ್ಡ ಗುಂಪು. ಅಂಥವುಗಳಿಂದ ಚಿಮ್ಮುವ ಜೆಟ್‌ಗಳನ್ನು ರೇಡಿಯೋ ದೂರದರ್ಶಕದಲ್ಲಿ ನೋಡುವುದು ನನ್ನ ಕೆಲಸ, ಹಾಗಾಗಿ ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಇದ್ದದ್ದೇ. ಮೊನ್ನೆ ಬದಿಯಡ್ಕದ ಹತ್ತಿರ ಮಾವನ ಅಡಿಕೆ ತೋಟದಲ್ಲಿ ಸ್ಪ್ರಿಂಕ್ಲರಿನ ಜೆಟ್ ಕಟ್ಟಿಹೋಗಿತ್ತು. ಅದರ ತೂತಿಗೆ ಹಿಡಿಸೂಡಿ ಕಡ್ಡಿ ಚುಚ್ಚುತ್ತಲೇ ಮಾವ ಕೇಳಿದರು: "ನೀನು ನೋಡುವುದೂ ಜೆಟ್ಟೇ ಅಲ್ವಾ? ರೇಡಿಯೋದಲ್ಲಿ ಎಂತ ಕೇಳ್ತದೆ ಅದು?"

ಏನೂ ಕೇಳಿಸುವುದಿಲ್ಲ. ರೇಡಿಯೋ ಅಲೆ ಶಬ್ದವಲ್ಲ, ಬೆಳಕಿನದೇ ಜಾತಿ. ಮಂಗಳೂರು ಆಕಾಶವಾಣಿಯವರು ಅದರ ಮೇಲೆ ಮಾತು, ಹಾಡು ಹೇರಿ ಕಳಿಸುತ್ತಾರೆ, ಮನೆಯ ರೇಡಿಯೋ ಇಳಿಸಿಕೊಳ್ಳುತ್ತದೆ. ಗ್ಯಾಲಕ್ಸಿಯವರು ಏನೂ ಹೇರಿರುವುದಿಲ್ಲ!

ನಾವು ಮಾಡುವುದು ಚಿತ್ರ. ಪುಣೆ ಹತ್ತಿರ ಖೋಡದ್‌ನ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕದಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳಿವೆ, ಎರಡೆರಡು ಸೇರಿಸಿದರೆ 435 ಜೋಡಿ. ಪ್ರತಿ ಜೋಡಿಗೆ ಬಂದ ಅಲೆಯನ್ನು ಹೋಲಿಸಿ ಕಂಪ್ಯೂಟರಿನಲ್ಲಿ ಚಿತ್ರ ಕಟ್ಟುತ್ತೇವೆ. ನನ್ನ ಹೆಚ್ಚಿನ ಹೊತ್ತು ಹೋಗುವುದು ಮೊಬೈಲು, ಕರೆಂಟು ಲೈನಿನ ಗಲಾಟೆಯನ್ನು ಡೇಟಾದಿಂದ ತೆಗೆಯುವುದರಲ್ಲಿ, ಒಣಗಿಸಿದ ಚಾಲಿ ಅಡಿಕೆಯಿಂದ ಹಾಳಾದ ಕರಿಗೋಟು ಹೆಕ್ಕಿದ ಹಾಗೆ.

ಆದರೆ ಮಾವನ ಪ್ರಶ್ನೆ ಪೆದ್ದು ಪ್ರಶ್ನೆ ಅಲ್ಲ. ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರ್ ನಿಜಕ್ಕೂ ಹೆಡ್‌ಫೋನಿನಲ್ಲಿ ಕೇಳಿದ್ದ. ಫೋನ್ ಮಾತಿಗೆ ಅಡ್ಡ ಬರುವ ಗದ್ದಲ ಎಲ್ಲಿಯದು ಅಂತ ಹುಡುಕುತ್ತಿದ್ದಾಗ, ಎರಡು ಸ್ಟೇಷನ್ ನಡುವೆ ಮುಳ್ಳು ನಿಂತರೆ ಬರುತ್ತದಲ್ಲ, ಅಂಥದೇ ಒಂದು ಸುಯ್ಯೆನ್ನುವ ಸದ್ದು. ಅದು ನಮ್ಮ ಹಾಲುಹಾದಿಯದು ಎಂದು 1933ರಲ್ಲಿ ಪ್ರಕಟಿಸಿದ.

ಜೆಟ್ಟಿನ ಕತೆ ಆಮೇಲಿನದು. ಸಿಗ್ನಸ್ ಎ ಗ್ಯಾಲಕ್ಸಿ 70 ಕೋಟಿ ಬೆಳಕಿನ ವರ್ಷಕ್ಕಿಂತ ದೂರ. ಅದರ ರೇಡಿಯೋ ಅಲೆ ಹೆಚ್ಚಾಗಿ ಗ್ಯಾಲಕ್ಸಿಯಿಂದಲ್ಲ, ಅದರ ಆಚೀಚೆ ಇರುವ ಎರಡು ಗುಡ್ಡೆಗಳಿಂದ ಬರುತ್ತದೆ ಅಂತ 1953ರಲ್ಲಿ ಜೆನಿಸನ್ ಮತ್ತು ನಮ್ಮ ಮೃಣಾಲ್ ದಾಸ್‌ಗುಪ್ತ ತೋರಿಸಿದರು. ನಡುವಿನಿಂದ ಗುಡ್ಡೆಯ ಕಡೆಗೆ ಹೋಗುವ ಸಪೂರ ಎಳೆ, ಅಂದರೆ ಜೆಟ್, ಸರಿಯಾಗಿ ಕಂಡದ್ದು 1984ರಲ್ಲಿ, ಅಮೆರಿಕದ ವಿಎಲ್‌ಎ ಎಂಬ ರೇಡಿಯೋ ದೂರದರ್ಶಕದ ಚಿತ್ರದಲ್ಲಿ. ತೋಟದಲ್ಲೂ ಹಾಗೇ ಅಲ್ವಾ, ತೂತಿನಿಂದ ನೂಲಿನ ಹಾಗೆ ಹೊರಡುವ ನೀರು ಅಡಿಕೆ ಮರಕ್ಕೆ ಬಡಿದಲ್ಲಿ ಚದುರಿ ಹರಡುತ್ತದೆ. ವ್ಯತ್ಯಾಸ ಏನೆಂದರೆ ಮಾವನ ಜೆಟ್ ಸುತ್ತುತ್ತದೆ, ಇದು ಲಕ್ಷಾಂತರ ವರ್ಷ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ.

"ಹಾಗಾದ್ರೆ ಪಂಪು ಯಾವುದು?" ಎಂದರು ಮಾವ.

ನಡುವಿನ ಕಪ್ಪುಕುಳಿ. ಒಳಗೆ ಬಿದ್ದದ್ದು ವಾಪಸ್ ಬರುವುದಿಲ್ಲ. ಬೀಳುವ ಮೊದಲು ಸುತ್ತ ಗಿರಗಿರ ತಿರುಗುತ್ತಿರುವುದರಲ್ಲಿ ಸ್ವಲ್ಪವನ್ನು ಕಾಂತಕ್ಷೇತ್ರ ಮೇಲಕ್ಕೂ ಕೆಳಕ್ಕೂ ಎಸೆಯುತ್ತದೆ. ಹಾಗೆ ಓಡುವ ಎಲೆಕ್ಟ್ರಾನುಗಳು ಕಾಂತರೇಖೆಗೆ ಸುತ್ತಿಕೊಳ್ಳುತ್ತ ಬಿಡುವ ಬೆಳಕೇ ನಮಗೆ ಸಿಗುವ ರೇಡಿಯೋ. ಅಷ್ಟು ದೂರ ಹೋದರೂ ಎಳೆ ಚದುರದೆ ಸಪೂರ ಉಳಿಯುವುದು ಹೇಗೆ ಎನ್ನುವುದರ ಬಗ್ಗೆ ನಮ್ಮಲ್ಲೇ ಇನ್ನೂ ಚರ್ಚೆ ಮುಗಿದಿಲ್ಲ. ಅಷ್ಟು ಹೇಳುವಾಗ ಕಡ್ಡಿ ಹೊರಗೆ ಬಂತು, ನನ್ನ ಅಂಗಿ ಪೂರ್ತಿ ಒದ್ದೆ.